ಕೀರ್ತನಿ ಡಬ್ಬಿಯೊಳಗಿನ ಗದ್ದಲ

ನಮ್ಮವ್ವಗ ದನಿ ಇಲ್ಲ. ಮುನಿಸಿಕೊಂಡು ಸುಮ್ಮನಾಗ್ಯಾಳ ಅಂತಲ್ಲ, ಖರೇನ ಇಲ್ಲ. ಗಂಟಲಾಗ ಗಂಟಾತು, ಡಾಕ್ಟರು ಧ್ವನಿಪೆಟ್ಟಿಗಿನ ತಗದುಬಿಟ್ರು. ಕುತ್ತಿಗಿ ಮುಂದ ಒಂದು ತೂತು ಉಳೀತು. ಅದರ ಮ್ಯಾಲೊಂದು ಬಿಳೀ ಅರಬಿ ಕಟಗೊಂಡು ಅಡ್ಡಾಡತಾಳ. ಇದೆಲ್ಲಾ ಆಗಿ ಭಾಳ ವರ್ಷ ಆತು. ಆವಾಗ ನಮ್ಮ ಕೈಯಾಗ ಮೊಬೈಲ್ ಇತ್ತು, ಆದ್ರ ಅದರಾಗ ಮಾತಾಡೂದು ಬಿಟ್ರ ಮತ್ತೇನೂ ಬರ್ತಿದ್ದಿಲ್ಲ. ಹಿಂಗಾಗಿ ಅವ್ವನ ದನಿ ನಮ್ಮ ಕಡೆ ಎಲ್ಲೂ ಉಳದಿಲ್ಲ. ನನ್ನ ಮದುವಿ ವಿಡಿಯೋ ಒಂದದ. ಅದರಾಗ ಅವ್ವ ಕೈ ಬೀಸಿ ಬೀಸಿ ಯಾರಿಗೋ ಬೈತಾಳ, ಆದ್ರ ಕೇಳೂದು ಮಾತ್ರ ಬರೇ ಬ್ಯಾಂಡು. ಆ ಬ್ಯಾಂಡಿನವ್ರ ಕೈ ಸೇದಿ ಹೋಗ್ಲಿ ಅಂತ ಎಷ್ಟು ಸರ್ತಿ ಬೈದೀನೋ ನನಗs ಗೊತ್ತಿಲ್ಲ.

ಮಾತಾಡಬೇಕಂದ್ರ ಅವ್ವ ತುಟಿ ಆಡಸ್ತಾಳ, ನಾ ಓದತೀನಿ. ನಾ ಬ್ಯಾರೆ ಕಡೆ ಮಾರಿ ಮಾಡಿದ್ರ ಸ್ಟೀಲಿನ ಲೋಟಾ ಮಂಚಕ್ಕ ಬಡದು ಕರೀತಾಳ. ಸಿಟ್ಟು ಬಂದ್ರ ಲೋಟಾ ಜೋರ ಬಡೀತಾಳ, ಅಷ್ಟ ಫರಕು.

ಈಗ ಕಿವಿ. ಬಲಗಿವಿ ಹೋಗಿದ್ದು ಹಳೇ ಮಾತು. ಎಡಗಿವಿಗೆ ಮಷೀನ್ ಹಾಕೀವಿ. ಹೋದ ವರ್ಷ ತೋರಸಲಿಕ್ಕೆ ಹೋದಾಗ ಕಿವಿ ಡಾಕ್ಟರು ನನ್ನ ಬಾಜೂಕ್ಕ ಕರದು, ಇದೂ ಇನ್ನ ಭಾಳ ದಿನ ಸಾಥ್ ಕೊಡೂದಿಲ್ಲ, ಆಮ್ಯಾಲೆ ಮಷೀನಿನಿಂದಾನೂ ಉಪಯೋಗ ಇಲ್ಲ ಅಂತ ಮರಾಠಿಯೊಳಗ ಹೇಳಿದ್ರು. ನಾ ಅವ್ವಗ ಹೇಳಬಾರದು ಅಂತಿದ್ದೆ. ಆದ್ರ ಆಕಿ ಡಾಕ್ಟರ ತುಟೀನ ಓದಿದ್ಲು. ನಮ್ಮ ಮನ್ಯಾಗ ಗುಟ್ಟು ಇಡೂದು ಅಷ್ಟು ಸರಳ ಅಲ್ಲ. ದೇವರು ಮೊದಲ ಬಾಯಿ ಕಸಗೊಂಡ, ಈಗ ಕಿವಿಗೆ ಕೈ ಹಾಕ್ಯಾನ, ಕೊನಿಗೆ ಆಕಿ ಸಿಟ್ಟೊಂದು ಬಿಡ್ತಾನೇನೋ ಅಂದಕೊಂಡೆ. ರಿಕ್ಷಾದಾಗ ಬರೂವಾಗ ಅವ್ವ ನನ್ನ ಮೊಣಕೈ ಹಿಡದು ಜಗ್ಗಿದ್ಲು. ತುಟಿ ನೋಡಿದೆ. 'ನನ್ನ ಹಾಡು. ಒಂದ್ ಸಲ ಕೇಳಬೇಕು' ಅಂತಿದ್ಲು.

ನಂಬತೀರೋ ಬಿಡ್ತೀರೋ, ನಮ್ಮವ್ವ ಒಂದು ಕಾಲದಾಗ ರೇಡಿಯೋದಾಗ ಹಾಡತಿದ್ಲು.

ನಾವು ಕನ್ನಡ ಕ್ರಿಶ್ಚನ್ ಮಂದಿ. ಅವ್ವನ ತವರು ಬೆಟಗೇರಿ. ಅಪ್ಪನ ನೌಕರಿ ರೇಲ್ವೆದಾಗ, ಹಂಗಾಗಿ ಪುಣೇದ ಘೋರ್ಪಡಿ ಕ್ವಾರ್ಟರ್ಸಿಗೆ ಬಂದು ಬಿದ್ದಿವಿ. ಆವಾಗ ಪುಣೇದ ಕ್ಯಾಂಪ್ ಅನ್ನೂ ಭಾಗದಾಗ ಒಂದು ಹಳೇ ಬಂಗ್ಲೆದ ಮಾಳಗಿ ಮ್ಯಾಲೆ ಸಣ್ಣ ಸ್ಟುಡಿಯೋ ಇತ್ತು. ಸುವಾರ್ತೆ ಕಾರ್ಯಕ್ರಮ ಅಲ್ಲಿ ರೆಕಾರ್ಡ್ ಆಗ್ತಿದ್ವು, ಒಂದಿನ ಮರಾಠಿ, ಒಂದಿನ ತೆಲುಗು, ಒಂದಿನ ಕನ್ನಡ. ಕನ್ನಡದ ದಿನ ನಮ್ಮ ಚರ್ಚಿನ ಹೆಂಗಸರು ಬಿಳೀ ಸೀರಿ ಉಟಗೊಂಡು ಹೋಗ್ತಿದ್ರು. ರೇಡಿಯೋದಾಗ ಸೀರಿ ಯಾರಿಗೆ ಕಾಣ್ತದ ಅಂತ ಅಪ್ಪ ಚ್ಯಾಷ್ಟಿ ಮಾಡತಿದ್ದ. ಹಾಡಿದ ಟೇಪು ಪಾರ್ಸೆಲ್ ಆಗಿ ಸಮುದ್ರದ ಆಚಿ ಕಡೆ ಒಂದು ರೇಡಿಯೋ ಕೇಂದ್ರಕ್ಕ ಹೋಗ್ತಿತ್ತು. ಅಲ್ಲಿಂದ ಶಾರ್ಟ್ ವೇವಿನ್ಯಾಗ ತಿರುಗಿ ನಮ್ಮ ದೇಶಕ್ಕ ಬರ್ತಿತ್ತು. ಪುಣೇದಾಗ ಹಾಡಿದ್ದು ಅಷ್ಟು ದೂರ ಸುತ್ತು ಹಾಕಿ ಬೆಟಗೇರಿಯೊಳಗ ಸ್ವಚ್ಛ ಇಳೀತಿತ್ತು, ಪುಣೇದಾಗಿದ್ದ ನಮಗ ಮಾತ್ರ ಕೇಳ್ತಿದ್ದಿಲ್ಲ. ನಮ್ಮ ರೇಡಿಯೋದಾಗ ಶಾರ್ಟ್ ವೇವ್ ಹಚ್ಚಿದ್ರ ಒಗ್ಗರಣಿಗೆ ಸಾಸಿವಿ ಸಿಡಿದ ಸದ್ದು ಬರ್ತಿತ್ತು. ಅವ್ವ ರೇಡಿಯೋಕ್ಕ ಕಿವಿ ಹಚ್ಚಿ ಕೂಡತಿದ್ಲು. ಸಾಸಿವಿ ಸಿಡೀತಿತ್ತು. ಕಾರ್ಯಕ್ರಮದ ಹೊತ್ತು ಮುಗೀತಿತ್ತು. ಹಾಡಿದಾಕಿ ತನ್ನ ಹಾಡನ್ನ ಒಮ್ಮೆನೂ ಕೇಳಲಿಲ್ಲ.

ಬೆಟಗೇರಿಯೊಳಗಿದ್ದ ಚಿಗವ್ವ, ಅಂದ್ರ ಅವ್ವನ ತಂಗಿ, ಓಣಿ ಮಂದೀನ ಕೂಡಿಸಿ ಕೇಳಸ್ತಿದ್ಲಂತ. ಇಕಿ ನಮ್ಮಕ್ಕ ಅಂದ್ರ ಯಾರೂ ನಂಬಲಿಲ್ಲಂತ. ಯಾಕಂದ್ರ ಹಾಡಿದವ್ರ ಹೆಸರು ರೇಡಿಯೋದಾಗ ಹೇಳ್ತಿದ್ದಿಲ್ಲ. ಅದೊಂದು ಪದ್ಧತಿ. ಮಹಿಮೆ ಎಲ್ಲಾ ದೇವರಿಗೆ ಹೋಗಬೇಕು, ಮನಶ್ಯಾಗ ಅಲ್ಲ. 'ಈಗ ಒಬ್ಬ ಸಹೋದರಿ ಹಾಡುವರು' ಅಂದು ಮುಗಸ್ತಿದ್ರು. ಮಹಿಮೆ ದೇವರಿಗೆ ಹೋಗ್ಲಿ, ನಾ ಬ್ಯಾಡ ಅನ್ನೂದಿಲ್ಲ. ಹಾಡಿದಾಕಿಗೆ ಒಂದು ಹೆಸರರ ಬ್ಯಾಡೇನ್ರಿ? ಅಷ್ಟು ದೊಡ್ಡ ದೇವರು, ಒಂದು ಹೆಸರು ಕೇಳಿದ್ರ ಹೊಟ್ಟಿಕಿಚ್ಚು ಪಡ್ತಾನೇನು?

ರಿಕ್ಷಾದಾಗಿನ ಆ ಮಾತಾದ ಮ್ಯಾಲೆ ನನಗ ಎಲ್ಲಿಂದ ಸುರು ಮಾಡಬೇಕು ತಿಳೀಲಿಲ್ಲ. ಆ ಸ್ಟುಡಿಯೋ ಮುಚ್ಚಿ ಯಾವ ಕಾಲಾತೋ. ಬಂಗ್ಲೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸ್ಯಾರ. ಅಷ್ಟರಾಗ ಒಂದ್ ರವಿವಾರ ಚರ್ಚಿನಾಗ ಅಯ್ಯನೋರು, ನಮ್ಮ ಕಡೆ ಪಾದ್ರಿಗಳಿಗೆ ಹಂಗ ಅಂತೀವಿ, ಪ್ರಕಟಣೆ ಓದಿದ್ರು. ಹಳೇ ಸುವಾರ್ತಾ ರೇಡಿಯೋದ ಟೇಪು, ಫೋಟೋ, ಕೇಳುಗರ ಪತ್ರ ಎಲ್ಲಾ ಕೂಡಿಸಿ ಒಂದು ಕಾಲೇಜಿನ ಲೈಬ್ರರಿಯೊಳಗ ಸಂಗ್ರಹ ಮಾಡಾಕತ್ತಾರ, ಕನ್ನಡ ಟೇಪು ಕೇಳಿ ಏನದ ಅಂತ ಹೇಳೂವ್ರು ಬೇಕಾಗ್ಯಾರ ಅಂತ. ಪ್ರಾರ್ಥನೆ ಮುಗಿಯೂ ತನಕ ನನಗ ತಡೀಲಿಲ್ಲ. ಆಶೀರ್ವಾದಕ್ಕ ಎಲ್ಲಾರೂ ಕಣ್ಣು ಮುಚ್ಚಿದಾಗ ನಾ ಚಪ್ಪಲಿ ಹುಡಕಲಿಕ್ಕತ್ತಿದ್ದೆ.

ನನಗ ಭಾಳ ಸೊಕ್ಕಿತ್ತು, ಸುಳ್ಳು ಯಾಕ ಹೇಳ್ಲಿ. ಪುಣೇ ಹತ್ರ ಚಾಕಣದ ಒಂದು ಕಂಪನ್ಯಾಗ ನನ್ನ ಕೆಲಸ ಸದ್ದು ಕೇಳೂದಿತ್ತು. ಗಿಯರ್‌ಬಾಕ್ಸು ತಯಾರಾದ ಮ್ಯಾಲೆ ಒಂದು ಬಂದ್ ಖೋಲ್ಯಾಗ ಇಟ್ಟು ತಿರಗಸ್ತಾರ. ಅದರ ಸದ್ದಿನ ಮ್ಯಾಲೆ, ಒಳಗ ಯಾವ ಚಕ್ರದ ಹಲ್ಲಿಗೆ ಪೆಟ್ಟಾಗೇದ ಅಂತ ಹೇಳಬೇಕು. ಸಪ್ಪಳ ಬಂದ್ರ ಮಾಲು ವಾಪಸ್. ವರ್ಷಾನಗಟ್ಟಲೆ ಅದೇ ಮಾಡಿ ನೌಕರಿ ಬಿಟ್ಟೀನಿ. ಕಬ್ಬಿಣದ ಹಲ್ಲು ಮುರದಿದ್ದು ಕಿವಿಲೆ ಹೇಳಾಕಿಗೆ, ಹಡದವ್ವನ ದನಿ ಗೊತ್ತಾಗೂದಿಲ್ಲೇನು? ಹಿಂಗ ಹೋಗೂದು, ಹಂಗ ಹುಡಕೂದು, ಸಂಜೀಕ ಅವ್ವನ ಕಿವಿಗೆ ಹಚ್ಚೂದು ಅಂತ ಲೆಕ್ಕಾ ಹಾಕಿದ್ದೆ.

ಲೈಬ್ರರಿ ಹಿಂದಿನ ಖೋಲಿ ಅದು. ಬಾಗಲಾ ತಗದ್ರ ಹಳೇ ಪ್ಲಾಸ್ಟಿಕ್ಕಿನ ವಾಸನಿ. ಗ್ವಾಡಿ ತುಂಬ ಕಪಾಟು. ರೊಟ್ಟಿಯಷ್ಟು ದೊಡ್ಡ ದೊಡ್ಡ ಸ್ಪೂಲ್ ಟೇಪು, ಕ್ಯಾಸೆಟ್ಟು, ಚೀಲಗಟ್ಟಲೆ ಕೇಳುಗರ ಪತ್ರ, ಮಾಸಿದ ಹಾಡಿನ ಪುಸ್ತಕ, ಕ್ರಿಸ್‌ಮಸ್ ಕಾರ್ಯಕ್ರಮದ ಭಿತ್ತಿಪತ್ರ, ಬಿಳೀ ಸೀರಿ ಹೆಂಗಸರ ಗ್ರೂಪ್ ಫೋಟೋ. ಫೋಟೋದ ಹಿಂದೂ ಹೆಸರಿಲ್ಲ. ಅಲ್ಲೂ ಮಹಿಮೆ ದೇವರಿಗೇ ಹೋಗಿತ್ತು.

ಆ ಖೋಲಿ ಜವಾಬ್ದಾರಿ ಒಬ್ಬ ಮರಾಠಿ ಹುಡುಗೀದು. ಬಾರಾಮತಿ ಕಡೆಯಾಕಿ, ಅವರಪ್ಪಂದು ಕಬ್ಬಿನ ಹೊಲ. ಕ್ರಿಶ್ಚನ್ ಅಲ್ಲ, ಕನ್ನಡ ಬರೂದಿಲ್ಲ, ಆದ್ರ ಕೆಲಸ ಅಂದ್ರ ಜೀವ. ನನಗ 'ಕಾಕೂ', ಅಂದ್ರ ಚಿಗವ್ವ, ಅಂತಿದ್ಲು. ಮೊದಲನೇ ದಿನಾನ ಒಂದು ಸವಾಲು ಕೇಳಿದ್ಲು: "ಕಾಕೂ, ಈ ಕನ್ನಡ ಹಾಡಿನವ್ರೆಲ್ಲಾ ಒಬ್ಬರಿಗೊಬ್ಬರು ಸ್ವಂತ ಅಕ್ಕತಂಗೇರು ಅಲ್ಲಾ? ಪ್ರತಿ ಟೇಪಿನ್ಯಾಗ ಸಹೋದರಿ ಸಹೋದರಿ ಅಂತ ಕೇಳ್ತದ. ಎಷ್ಟು ದೊಡ್ಡ ಮನಿತನ!" ನಾ ನಕ್ಕು ನಕ್ಕು ಕಣ್ಣಾಗ ನೀರು ತಂದೆ. ಚರ್ಚಿನಾಗ ಕೂತವ್ರೆಲ್ಲಾ ಸಹೋದರಿನs ತಾಯಿ, ನಾಳೆ ನೀ ಬಂದು ಕೂತ್ರ ನೀನೂ ಸಹೋದರಿ ಅಂತ ತಿಳಿಸಿ ಹೇಳಿದೆ. ಆಕಿ ನಾಚಿಕೊಂಡು ಯಾದಿಯೊಳಗ ಅಕ್ಕತಂಗೇರು ಅಂತ ಬರದದ್ದು ಅಳಿಸಿದ್ಲು.

ನಗೂದು ಅಲ್ಲಿಗೆ ಮುಗೀತು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕನ್ನಡ ಟೇಪು ಕೇಳಲಿಕ್ಕೆ ಕೂತೆ. ಒಬ್ಬ ಸಹೋದರಿ ಹಾಡಿದ್ಲು. ಇದು ಅವ್ವನಾ? ಅನಸ್ತು. ಮುಂದಿನ ಟೇಪಿನ್ಯಾಗ ಮತ್ತೊಬ್ಬ ಸಹೋದರಿ. ಇಲ್ಲಾ, ಇದು ಅವ್ವ. ಅದರ ಮುಂದಿಂದು ಕೇಳಿದ ಮ್ಯಾಲೆ ಮೊದಲಿನ ಎರಡೂ ಅಲ್ಲ ಅನಸ್ತು. ಎಲ್ಲಾರ ದನೀನೂ ತೆಳ್ಳಗ, ಎಲ್ಲಾರೂ ಮೂಗಿನಾಗ ಹಾಡತಿದ್ರು, ಎಲ್ಲಾರ ಹಿಂದೂ ಅದೇ ಹಾರ್ಮೋನಿಯಂ ಕುಯ್ಯ ಅಂತಿತ್ತು. ಸಂಜೀತನಕ ತಲಿ ಕೆಟ್ಟು ಕೆರ ಹಿಡೀತು. ನನಗ ನೆನಪಿದ್ದ ಅವ್ವನ ದನಿ ಯಾವುದು ಅಂತ ಕಣ್ಣು ಮುಚ್ಚಿ ನೆನಸಲಿಕ್ಕೆ ನೋಡಿದೆ. ಬರಲೇ ಇಲ್ಲ. ಅವ್ವನ ಮಾರಿ ಬಂತು, ಕೈ ಬಂತು, ಬಾಯಿ ತಗದದ್ದೂ ಬಂತು, ದನಿ ಬರಲಿಲ್ಲ. ಅವತ್ತು ನನಗ ಖರೇನ ಹೆದರಿಕಿ ಆತು.

ಅವ್ವನ್ನ ಕೇಳಿದೆ: "ಏನು ಹಾಡತಿದ್ದಿ ಬೇ? ಒಂದರ ಹಾಡಿನ ಸುರುವಾತ ಹೇಳು."

ಅವ್ವ ಕೈ ಚೆಲ್ಲಿದ್ಲು. 'ಕಾಗದ ಕೊಡತಿದ್ರು, ಹಾಡತಿದ್ದೆ. ಯಾರು ನೆನಪಿಡತಾರ?' ಅಂತ ತುಟಿ ಆಡಿಸಿದ್ಲು.

ಒಂದು ಟೇಪಿನ ಹಾಡು ಫೋನಿಗೆ ಹಾಕಿಸಿಕೊಂಡು ಬಂದು ಆಕಿ ಕಿವಿಗೆ ಹಿಡದೆ. ಕೇಳಿದಾಕಿನ ಮಾರಿ ಕಿವಚಿದ್ಲು. ಅದು ಆಗಿನ ಅಯ್ಯನೋರ ಹೆಂಡತಿ ದನಿಯಂತ. 'ಶ್ರುತಿ ಇಲ್ಲ, ಲಯ ಇಲ್ಲ, ಅಯ್ಯನೋರ ಹೆಂಡತಿ ಅಂತ ಮುಂದ ನಿಂದರಸ್ತಿದ್ರು' ಅಂದ್ಲು. ಮತ್ತೊಂದು ಹಚ್ಚಿದೆ. ಅದು ಯಾವುದೋ ನರ್ಸಬಾಯಿದು. ಅರ್ಧ ಕಿವಿಯೊಳಗ, ಐವತ್ತೈದು ವರ್ಷದ ಹಿಂದಿನ ದನಿ, ಥಟ್ಟನೆ ಗುರುತು ಹಿಡೀತಿದ್ಲು! ಅಂದ್ರ ಆಕಿ ದನಿ ಬಂದ್ರ ಆಕಿಗೆ ಗೊತ್ತಾಗೇ ಆಗ್ತದ ಅಂತ ನನಗ ಧೈರ್ಯ ಬಂತು. ಕನ್ನಡದ ಕಪಾಟು ಪೂರಾ ಮುಗಿಸಿದೆ. ಅವ್ವ ಎಲ್ಲಾರನ್ನೂ ಗುರುತು ಹಿಡದ್ಲು, ತಾ ಮಾತ್ರ ಅದರಾಗ ಇಲ್ಲ ಅಂದ್ಲು.

ಹಂಗಾರ ಅವ್ವ ಹಾಡಿದ್ದು ಎಲ್ಲಿ ಹೋತು? ಹಾಡಿದ್ಲೋ ಇಲ್ಲೋ? ನನಗ ಆಕಿ ಮ್ಯಾಲೇ ಸಂಶಯ ಬರ್ಲಿಕತ್ತು. ಆಕಿ ಮುಖ ನೋಡಿದ್ರ ಛೇ ಅನಸ್ತಿತ್ತು, ಲೈಬ್ರರಿಗೆ ಹೋದ್ರ ಮತ್ತ ಸಂಶಯ.

ಅದೇ ಹೊತ್ತಿಗೆ ಬಾರಾಮತಿ ಹುಡುಗೀದು ಬ್ಯಾರೆ ಒಂದು ರಗಳಿ ನಡದಿತ್ತು. ಆಕಿ ಹತ್ರ ಮರಾಠಿ ಕಪಾಟಿನ್ಯಾಗ 'ಕೀರ್ತನ' ಅಂತ ಒಂದು ದೊಡ್ಡ ಡಬ್ಬಿ ಇತ್ತು. ಕೀರ್ತನ ಅಂದ್ರ ಮರಾಠಿ ಮಂದೀಗೆ ಗೊತ್ತಲ್ಲ, ಬುವಾ, ಅಂದ್ರ ಕೀರ್ತನಕಾರ, ನಿಂತು ಕಥಿ ಹೇಳ್ತಾನ, ನಡುನಡುವ ಹಾಡತಾನ, ಹಿಂದ ಝಾಂಜು ಬಾರಸ್ತಾರ. ಮರಾಠಿ ಕ್ರಿಶ್ಚನ್ ಮಂದ್ಯಾಗೂ ಹಂಗ ಕೀರ್ತನ ಮಾಡೂ ಬುವಾ ಇದ್ರು. ಭೋರ್ ಕಡೆಯ ಒಬ್ಬ ಬುವಾಂದು ಟೇಪು ಆ ಡಬ್ಬಿಯೊಳಗಿದ್ವು. ಹುಡುಗಿ ದಿನಾ ಹಲಬತಿದ್ಲು: "ಕಾಕೂ, ಬುವಾಂದು ಭಾಳ ಭಾಗ ಕಳದಾವ. ಇಪ್ಪತ್ಮೂರು ಅದ, ಇಪ್ಪತ್ನಾಲ್ಕು ಇಲ್ಲ. ಆಮ್ಯಾಲೆ ಒಮ್ಮೆಲೆ ತೊಂಬತ್ತೊಂದು. ಅದರ ಮುಂದ ನೂರಾ ಇಪ್ಪತ್ತೊಂದು. ನಡುವಿನವು ಯಾರು ಒಯ್ದ್ರು?" ಎಲ್ಲೆಲ್ಲಿಗೋ ಫೋನ್ ಹಚ್ಚಿ, ನಿಮ್ಮ ಕಡೆ ಬುವಾನ ಕೀರ್ತನ ಅದಾವೇನ್ರಿ ಅಂತ ಕೇಳ್ತಿದ್ಲು. ನಾ ಹೂಂ ಹೂಂ ಅಂತಿದ್ದೆ. ನನ್ನ ತಾಪನs ನನಗ ಹೆಚ್ಚಾಗಿತ್ತು, ಬುವಾನ ಉಸಾಬರಿ ನನಗ್ಯಾಕ?

ಮುಂದಿನ ರವಿವಾರ ಚರ್ಚಿನಾಗ ಕೂತಿದ್ದೆ. ಅಯ್ಯನೋರು ವೇದಪುಸ್ತಕ ತಗದು ಯಾವತ್ತಿನಂಗ ಹೇಳಿದ್ರು: "ಇವತ್ತಿನ ಕೀರ್ತನೆ, ನೂರಾ ಇಪ್ಪತ್ತೊಂದು."

ನನ್ನ ಕೈಯಾಗಿನ ಪುಸ್ತಕ ಕೆಳಗ ಬಿತ್ತು.

ತಿಳೀತೇನು? ನಮ್ಮ ಕನ್ನಡ ವೇದಪುಸ್ತಕದಾಗ ಸ್ತುತಿ ಪದಗಳಿಗೆ ಕೀರ್ತನಿ ಅಂತಾರ. ಒಂದೊಂದಕ್ಕ ಒಂದೊಂದು ನಂಬರು. ಮರಾಠಿಯೊಳಗ ಅದಕ್ಕ ಸ್ತೋತ್ರ ಅಂತ ಹೆಸರು. ಅವ್ವನ ಕಾಲದವ್ರು ಕೀರ್ತನಿಗೆ ರಾಗ ಹಾಕಿ ಹಾಡತಿದ್ರು. ಟೇಪಿನ ಮ್ಯಾಲೆ ಯಾರೋ ಕನ್ನಡದಾಗ 'ಕೀರ್ತನೆ ೨೩' ಅಂತ ಬರದಿದ್ರು. ಮುಂದ ಯಾರೋ ಅದನ್ನ ಮರಾಠಿ ಅಕ್ಷರದಾಗ ಇಳಿಸಿದ್ರು. ಅದರ ಮುಂದ ಬಂದವ್ರು ಓಹೋ ಕೀರ್ತನ ಅಂದು ಬುವಾನ ಡಬ್ಬಿಗೆ ಹಾಕಿದ್ರು. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದ್ರಂತ, ಹಂಗ. ಮಂದೀಗೆ ಬೈದು ಏನು ಮಾಡ್ಲಿ? ನಾನೂ ಅದೇ ಡಬ್ಬಿ ಎದುರಿಗೆ ದಿನಾ ಕೂತು ಚಹಾ ಕುಡದೀನಿ. ಕೀರ್ತನ ಅಂದ ಕೂಡಲೇ ನನ್ನ ಕಣ್ಣ ಮುಂದೂ ನಮ್ಮ ಸೊಸಾಯಿಟಿ ಬಾಜೂ ಗುಡಿಯ ಮೈಕಿನ ಬುವಾನೇ ಬಂದಿದ್ದ. ಇಷ್ಟು ವರ್ಷ ಮರಾಠಿ ನೀರು ಕುಡದು ನನ್ನ ಕನ್ನಡದ ಕೀರ್ತನಿ ನನಗs ಪರಕೀಯ ಆಗಿತ್ತು. ಕಂಕುಳಾಗ ಕೂಸು ಇಟಗೊಂಡು ಊರೆಲ್ಲಾ ಹುಡಿಕಿದ್ಲಂತ ಅನ್ನೂ ಗಾದಿ ನನ್ನಂಥಾಕೀನ ನೋಡೇ ಮಾಡ್ಯಾರ.

ಮರುದಿನ ಹೋಗಿ ಹುಡುಗಿಗೆ ತಿಳಿಸಿದೆ. ಆಕಿ ಹಣಿ ಹಣಿ ಬಡಕೊಂಡ್ಲು. "ಅರೇ ದೇವಾ, ಕಳದ ಕೀರ್ತನ ಹುಡಕರಿ ಅಂತ ಎಷ್ಟು ಮಂದೀಗೆ ಗಂಟ ಬಿದ್ದೀನಿ ಕಾಕೂ!" ಅಂದ್ಲು. ಇಬ್ಬರೂ ಕೂಡಿ ಡಬ್ಬಿ ನೆಲದ ಮ್ಯಾಲೆ ಸುರುವಿದಿವಿ. ಬುವಾನ ಟೇಪು ಒಂದು ಕಡೆ, ನಮ್ಮವು ಒಂದು ಕಡೆ.

ಅವನ್ನೆಲ್ಲಾ ಆಕಿ ಮೊದಲೇ ಕಂಪ್ಯೂಟರಿಗೆ ಇಳಿಸಿದ್ಲು. ಭಾಷೆ ತಿಳೀಲಿಲ್ಲಂತ, ದನಿ ಹೆಂಗಸಿಂದು ಆದ್ರೂ ಬುವಾನ ಹಿಂದ ಹಾಡಾಕಿ ಇರಬೇಕು ಅಂದಕೊಂಡಿದ್ಲಂತ. ನೂರಾ ಇಪ್ಪತ್ತೊಂದು ಹಚ್ಚಿದ್ಲು. ಹಾರ್ಮೋನಿಯಂ ಬಂತು. ಆಮ್ಯಾಲೆ ಒಂದು ದನಿ.

ಏನಂತ ಹೇಳ್ಲಿ. ಭಾಳ ಚಂದ ದನಿ. ಸಣ್ಣ ವಯಸ್ಸಿಂದು. ಎಲ್ಲೂ ತಡವರಿಸದ, ಮ್ಯಾಲೆ ಹೋಗಬೇಕಾದಾಗ ಹಗೂರಕ ಮ್ಯಾಲೆ ಹೋಗೂ ದನಿ. ನಾ ಕಣ್ಣು ಮುಚ್ಚಿ ಕೇಳಿದೆ. ಅವ್ವನೇನು? ಗೊತ್ತಾಗಲಿಲ್ಲ. ನನಗ ಪರಿಚಯ ಇದ್ದ ಅವ್ವ ಮನ್ಯಾಗ ಹಾಡಿದ್ದು ಕಡಿಮಿ, ಬೈದದ್ದು ಹೆಚ್ಚು. ಹಿಂಗ ನಯಾಗಿ ಹಾಡೂ ಹೆಂಗಸು ನಮ್ಮನ್ನ ಕಸಬರಗಿ ಹಿಡದು ಓಣಿ ತುಂಬ ಓಡಿಸಿದಾಕಿ ಹ್ಯಾಂಗ ಆಗ್ತಾಳ? ಹುಡುಗಿ ನನ್ನ ಮಾರಿ ನೋಡಿ "ಕಾಕೂ, ನಿಮ್ಮ ಆಯೀನೇ ಹೌದಲ್ಲಾ?" ಅಂದ್ಲು. ಫೋನಿಗೆ ಹಾಕಿ ಕೊಡು, ಅವ್ವನs ಹೇಳ್ತಾಳ ಅಂದೆ.

ಮನಿಗೆ ಬಂದು ಅವ್ವಗ ಹೇಳಿದ ಕೂಡಲೇ ಆಕಿ ತಲಿ ಅಲ್ಲಾಡಿಸಿದ್ಲು. 'ಹೌದು, ಕೀರ್ತನಿ. ನಾ ಮತ್ತೇನು ಹಾಡತಿದ್ದೆ?' ಅಂದ್ಲು. ನೀ ಹಾಡು ಹಾಡು ಅಂದ್ಯಲಾ ಬೇ, ಮೊದಲ ಹೇಳಬೇಕಿಲ್ಲೇನು ಅಂದ್ರ, 'ನೀ ಕೀರ್ತನಿ ಅಂತ ಕೇಳಿದೇನು?' ಅಂತ ತಿರುಗಿ ನನಗs ಜಬರದಸ್ತಿ.

ಮಷೀನಿನ ಆವಾಜ್ ಜಾಸ್ತಿ ಮಾಡಿ ಫೋನ್ ಆಕಿ ಎಡಗಿವಿ ಹತ್ರ ಹಿಡದೆ. ಹಾಡು ಸುರುವಾತು. ಅವ್ವ ಕಣ್ಣು ಸಣ್ಣ ಮಾಡಿ ಕೇಳಿದ್ಲು, ಕೈ ಬೆರಳಿಲೆ ತೊಡಿ ಮ್ಯಾಲೆ ತಾಳ ಹಾಕಿದ್ಲು. ಪೂರಾ ಮುಗಿಯೂ ತನಕ ಅಲ್ಲಾಡಲಿಲ್ಲ. ನಾ ಆಕಿ ತುಟಿ ನೋಡಕೋತ ಕೂತಿದ್ದೆ.

'ಚಂದ ಹಾಡತಾಳ,' ಅಂದ್ಲು. 'ಯಾರಿಕಿ?'

"ನೀನs ಬೇ! ನೀ ಅಲ್ಲೇನು?"

ಅವ್ವ ತಲಿ ಅಡ್ಡ ಆಡಿಸಿದ್ಲು. ನಾ ಅಲ್ಲ. ಮತ್ತೊಮ್ಮೆ ಹಚ್ಚಿದೆ. ನಾ ಅಲ್ಲ. ಇಪ್ಪತ್ಮೂರು ಹಚ್ಚಿದೆ. ಅದೇ ದನಿ. ಇಕಿ ಯಾರೋ ಭಾಳ ಕಲತಾಕಿ, ನಾ ಇಷ್ಟು ಚಲೋ ಹಾಡತಿದ್ದಿಲ್ಲ ಅಂದ್ಲು. ಆಮ್ಯಾಲೆ ಮಷೀನ್ ತಗದು ದಿಂಬಿನ ಬಾಜೂಕ್ಕ ಇಟ್ಟು ಗ್ವಾಡಿ ಕಡೆ ತಿರುಗಿ ಮಲಗಿದ್ಲು. ಸಿಟ್ಟು ಮಾಡಿದ್ರ ನನಗ ನಡೀತಿತ್ತು, ಲೋಟಾ ಬಡದಿದ್ರ ನಡೀತಿತ್ತು. ಆ ಬೆನ್ನು ನನಗ ನೋಡಲಿಕ್ಕೆ ಆಗಲಿಲ್ಲ. ಅಡಗಿ ಮನ್ಯಾಗ ಹೋಗಿ ಸಿಂಕಿನ ನಳ ಬಿಟ್ಟು ಅತ್ತೆ.

ಎಲ್ಲಾರ ದನಿ ಗುರುತು ಹಿಡಿಯಾಕಿ ಇಕಿ. ಅಲ್ಲ ಅಂದ್ರ ಅಲ್ಲೇ ಇರಬೇಕು. ಆದ್ರ ಹಂಗಾರ ಈ ಕೀರ್ತನಿ ಹಾಡಿದಾಕಿ ಯಾರು? ಅವ್ವ ಎಲ್ಲಿ? ಇದೊಂದು ದನಿ ಉಳದಿತ್ತು, ಅದೂ ಯಾರದೋ ಪಾಲಾತು. ನನಗ ಹಾಡಿದಾಕಿ ಮ್ಯಾಲೆ ಸಿಟ್ಟು, ರೇಡಿಯೋದವ್ರ ಮ್ಯಾಲೆ ಸಿಟ್ಟು, ಹೆಸರು ಬರೀಬ್ಯಾಡ ಅಂದ ಪುಣ್ಯಾತ್ಮನ ಮ್ಯಾಲಂತೂ ಎಲ್ಲಾಕಿಂತ ಸಿಟ್ಟು.

ಮತ್ತ ಲೈಬ್ರರಿಗೆ ಹೋದೆ. ಹೋಗೂ ಮನಸ್ಸಿದ್ದಿಲ್ಲ, ಹುಡುಗಿಗೆ ಹೇಳಬೇಕಲ್ಲ ಅಂತ ಹೋದೆ. ಆಯೀ ಅಲ್ಲಂತ, ಹೆಸರಿನ ಜಾಗಾ ಖಾಲಿನs ಬಿಡು ಅಂದೆ. ಆಕಿ ಮಾರಿ ಸಪ್ಪಗಾತು. ಚಹಾ ತರಿಸಿದ್ಲು. ನಾ ಸುಮ್ಮನ ಕೇಳಬೇಕಂತ ಕೇಳಿದೆ: "ಆ ಟೇಪಿನ್ಯಾಗ ಮತ್ತೇನೂ ಇಲ್ಲಾ? ಇಷ್ಟೇನಾ?"

"ಇಷ್ಟೇ ಕಾಕೂ. ಸುರುವಾತಿಗೆ ಒಂದಿಷ್ಟು ಗೋಂಗಾಟ ಇತ್ತು, ಅದನ್ನ ಕತ್ತರಸೀನಿ."

ಗೋಂಗಾಟ ಅಂದ್ರ ಮರಾಠಿಯೊಳಗ ಗದ್ದಲ, ಸಪ್ಪಳ. ನಾ ಕಪ್ಪು ಕೆಳಗಿಟ್ಟೆ. ಸಪ್ಪಳ ಕೇಳೂದs ನನ್ನ ಕಸಬು. ಎಲ್ಲಿ ಅದ ಅದು ಅಂದೆ. ಮೂಲ ಪ್ರತಿ ಹಂಗ ಇಡತೀವಿ, ಕೇಳಸ್ತೀನಿ ಬರ್ರಿ, ಆದ್ರ ಅದರಾಗ ಏನಿಲ್ಲ, ಬರೇ ಕೂಸು ಅಳೂದು ಅಂದ್ಲು. ಹೆಡ್‌ಫೋನ್ ಹಾಕ್ಕೊಂಡೆ.

ಕುರ್ಚಿ ಎಳದ ಸದ್ದು. ಹಾರ್ಮೋನಿಯಂ ಒಮ್ಮೆ ಕುಯ್ಯ ಅಂದು ನಿಂತಿತು. ದೂರ ಒಂದು ಕೂಸು ಅಳೂದು, ಅಳೂದಂದ್ರ ಸಾದಾ ಅಲ್ಲ, ಒದರೂದು. ಗಾಜಿನ ಮ್ಯಾಲೆ ಸಣ್ಣ ಕೈಲೆ ಧಪ ಧಪ ಬಡದ ಸದ್ದು. ಒಬ್ಬ ಗಂಡಸು, "ತಂಗೀ, ಅದನ್ನ ಸುಮ್ಮನ ಮಾಡ್ರಿ, ಟೇಪು ಹೊಂಟದ" ಅಂದ. ಬಾಗಲಾ ತಗದ ಸದ್ದು. ಆಮ್ಯಾಲೆ:

"ಏ ಮೂಳಿ! ಗಪ್ ಕುಂದ್ರ! ಎಲ್ಲಿ ಹೊಕ್ಕೀನಿ ನಾ? ಇಲ್ಲೇ ಅದೀನಲಾ, ಕಣ್ಣಿಲ್ಲೇನು ನಿನಗ?"

ಅರವತ್ತಕ್ಕ ಬಂದ ಹೆಂಗಸು ನಾ, ಆ ಕುರ್ಚಿ ಮ್ಯಾಲೆ ಬೆನ್ನು ನೆಟ್ಟಗ ಮಾಡಿ ಗಪ್ ಕೂತೆ. ನೆನಸಬೇಕಾಗಲಿಲ್ಲ, ಗುರುತು ಹಿಡೀಬೇಕಾಗಲಿಲ್ಲ. ಮೈಗೆ ಮೊದಲ ಗೊತ್ತಾತು. ಅದು ನಮ್ಮವ್ವ. ಆ 'ಮೂಳಿ' ನಾನು. ಬಾಗಲಾ ಹಾಕಿದ ಸದ್ದಾತು, ಗಂಟಲು ಸರಿ ಮಾಡಿಕೊಂಡ ಸದ್ದಾತು, ಅದೇ ಬಾಯಿಂದ ಅದೇ ಕೀರ್ತನಿ, ಏನೂ ಆಗೇ ಇಲ್ಲ ಅನ್ನೂವಂಗ, ನಯಾಗಿ ಸುರುವಾತು. ಹುಡುಗಿ ಹೆದರಿ ನನ್ನ ಹೆಗಲು ಹಿಡದು, ಕಾಕೂ ಏನಾತು, ಕಾಕೂ ಏನಂತಾರ ಅದರಾಗ ಅಂತ ಕೇಳಲಿಕ್ಕತ್ತಿದ್ಲು. ಬೈತಾರ ತಾಯಿ, ನನಗ ಬೈತಾರ ಅಂದೆ. ಅಳೂದೂ ನಗೂದೂ ಕೂಡೇ ಬಂದು ಮೂಗೆಲ್ಲಾ ಸೋರಿತು.

ಮನಿಗೆ ಬಂದಾಗ ಅವ್ವ ಮಂಚದ ಮ್ಯಾಲೆ ಕೂತು ಅವರೀಕಾಯಿ ಸುಲೀತಿದ್ಲು. ಫೋನ್ ನೋಡಿದಾಕಿನ ಬ್ಯಾಡ ಅಂತ ಕೈ ಆಡಿಸಿದ್ಲು. ಒಮ್ಮೆ, ಇದೊಮ್ಮೆ, ಆಮ್ಯಾಲೆ ನಾ ಕೇಳಂತ ಅನ್ನೂದಿಲ್ಲ ಅಂತ ಗದ್ದ ಹಿಡದು ಬೇಡಕೊಂಡೆ. ಮಷೀನ್ ಹಾಕಿದೆ. ಫೋನ್ ಹಿಡದೆ.

ಕುರ್ಚಿ ಎಳೀತು. ಅವ್ವ ಅವರೀಕಾಯಿ ಸುಲೀತಿದ್ಲು. ಹಾರ್ಮೋನಿಯಂ ಬಂತು, ಸುಲೀತಿದ್ಲು. ಕೂಸು ಅತ್ತಿತು.

ಅವ್ವನ ಕೈ ನಿಂತಿತು. ಥಟ್ಟನೆ ಬಾಗಲಾ ಕಡೆ ನೋಡಿದ್ಲು, ಅಲ್ಲಿ ಯಾರೂ ಇದ್ದಿಲ್ಲ. ತಿರುಗಿ ನನ್ನ ನೋಡಿದ್ಲು. ಹಸರು ಹತ್ತಿದ ಬೆರಳು ನನ್ನ ಎದಿಗೆ ಚುಚ್ಚಿದ್ಲು. 'ನೀನು. ನೀ ಅಳತಿ.' ಕೇಳಬೇಕಾಗಿರಲಿಲ್ಲ, ಖಾತ್ರಿ ಆಗಿತ್ತು ಆಕಿಗೆ. ಊರಾಗಿನ ಎಲ್ಲಾ ಹೆಂಗಸರ ದನಿ ಗುರುತು ಹಿಡದು ತನ್ನ ದನಿ ಗುರುತು ಸಿಗದಾಕಿ, ನನ್ನ ಅಳೂ ಒಂದೇ ಉಸುರಿಗೆ ಹಿಡದ್ಲು. ಅವರೀಕಾಯಿ ತಾಟು ಬಾಜೂಕ್ಕ ಸರಿಸಿ ನನ್ನ ಮಂಡಿ ಮ್ಯಾಲೆ ಕೈ ಇಟ್ಟು ತಟ್ಟಲಿಕ್ಕೆ ಹತ್ತಿದ್ಲು.

ಅಷ್ಟರಾಗ ಫೋನಿನ್ಯಾಗ ಆಕಿ ದನಿ ಬಂತು. ಏ ಮೂಳಿ. ಗಪ್ ಕುಂದ್ರ. ಆಕಿ ಅದನ್ನ ಕೇಳಿದ್ಲೋ ಇಲ್ಲೋ ಇವತ್ತಿಗೂ ನನಗ ಗೊತ್ತಿಲ್ಲ. ಯಾಕಂದ್ರ ಆಕಿ ನನ್ನ ಸಮಾಧಾನ ಮಾಡೂದರಾಗ ಇದ್ಲು. ತುಟಿ ಆಡ್ತಿದ್ವು, ಅದೇ ಮಾತು. ದನಿ ಒಂಚೂರು ಮುಂದ, ತುಟಿ ಒಂಚೂರು ಹಿಂದ. 'ಎಲ್ಲಿ ಹೊಕ್ಕೀನಿ ನಾ? ಇಲ್ಲೇ ಅದೀನಲಾ.' ಎಷ್ಟೋ ವರ್ಷದ ಮ್ಯಾಲೆ ನಮ್ಮವ್ವ ನನ್ನೆದುರಿಗೆ ಕೂತು ಮಾತಾಡಿದ್ಲು, ನಾ ಕೇಳಿದೆ.

ಆಮ್ಯಾಲೆ ಕೀರ್ತನಿ ಸುರುವಾತು. ಈ ಹಾಡಿಗೇ ಅಲ್ಲೇನು ನಾ ಇಷ್ಟು ದಿನ ಅಲದದ್ದು ಅಂತ ಫೋನ್ ಇನ್ನಷ್ಟು ಹತ್ರ ಹಿಡದೆ. ಅವ್ವ ನನ್ನ ಕೈ ದೂಡಿದ್ಲು.

'ಹಾಡು ಬ್ಯಾಡ,' ಅಂದ್ಲು. 'ಅಳೂದು ಹಚ್ಚು.'

ಹಚ್ಚಿದೆ.